ಬುಡಗಂಟು ರೋಗವೂ ನಿರುಪದ್ರವಿಯೆನಿಸಿದ ಸೂಕ್ಷ್ಮಾಣುಗಳೂ

ಗುಲಾಬಿ, ಪೀಚ್, ಬಾದಾಮಿ ಮುಂತಾದ ಗಿಡಗಳ ಬುಡದಲ್ಲಿ, ನೆಲಮಟ್ಟಕ್ಕೆ ಸಮೀಪವಾಗಿ, ಒರಟಾದ ಗಂಟುಗಳು ಹುಟ್ಟುವುದುಂಟು. ಜಂತುಹುಳುಗಳಿಂದ ಬೇರಿನಲ್ಲಾಗುವ ಗಂಟುಗಳೇ ಬೇರೆ, ಇವೇ ಬೇರೆ. ಇವುಗಳಿಗೆ ಕಾರಣವು ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಾಣುವೆಂದು ಅಮೆರಿಕದ ಸ್ಮಿತ್ ಮತ್ತು ಟೌನ್ಸೆಂಡ್ ಎಂಬವರು 1907ರಲ್ಲಿ ತೋರಿಸಿಕೊಟ್ಟರು. ಅದಕ್ಕೆ ಅಗ್ರೋಬ್ಯಾಕ್ಟೀರಿಯಂ ಎಂಬ ಹೆಸರು ಪ್ರಸಿದ್ಧವಾಗಿದೆ. ಗಂಟನ್ನು ಕೊಯ್ದುಹಾಕಿ ಗಿಡವನ್ನು ಮಾರಿದರೆ ಬಾಧಕವಿಲ್ಲವೆಂದೂ, ಈ ವರ್ಗದ ಸೂಕ್ಷ್ಮಾಣುಗಳಲ್ಲಿ ಅನೇಕವು ನಿರುಪದ್ರವಿಗಳೇ ಎಂದೂ ವಾದಿಸುವವರಿದ್ದಾರೆ. ಎರಡನೆಯ ಮಾತು ನಿಜವೇ. ಆದರೆ ಅದರಿಂದ ಮೊದಲನೆಯದು ಸಿದ್ಧವಾಗುವುದಿಲ್ಲ.

ಆಸ್ಟ್ರೇಲಿಯದ ಅಡಿಲೇಡಿನಲ್ಲಿದ್ದ ಅಲೆನ್ ಕೆರ್ ಎಂಬ ವಿಜ್ಞಾನಿಯು ರೋಗಕಾರಕ ತಳಿಯನ್ನೂ ನಿರುಪದ್ರವಿ ತಳಿಯನ್ನೂ ಒಂದೇ ಗಿಡದಲ್ಲಿ ಕೂಡಿಸಿದನು. ಗಂಟು ಬೆಳೆದ ಮೇಲೆ ನಿರುಪದ್ರವಿಯನ್ನು ಬೇರ್ಪಡಿಸಿ ಪರೀಕ್ಷಿಸಲಾಗಿ, ಅದೂ ರೋಗವನ್ನು ಹುಟ್ಟಿಸುವ ಶಕ್ತಿಯನ್ನು ಪಡೆದಿತ್ತು. ಇದು 1969ರಲ್ಲಿ ಪ್ರಕಟವಾಯಿತು. ಆ ಶಕ್ತಿಯು ವರ್ಣತಂತುವಿನಿಂದ ಬೇರೆಯಾಗಿರುವ, ಸುಮಾರು 2 ಲಕ್ಷ ಜೋಡಿ ಅಕ್ಷರಗಳಷ್ಟು ಉದ್ದವಾದ, ಬಳೆಯಾಕಾರದ ‘ಟಿಐ ಪ್ಲಾಸ್ಮಿಡ್’ ಎಂಬುದರಲ್ಲಿದೆಯೆಂದು 1974ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರದವರು ತಿಳಿಸಿದರು. ಇದರ ಒಂದು ತುಂಡು ಗಿಡದ ಜೀವಕೋಶವನ್ನು ಸೇರಿ, ಗಂಟನ್ನು ಬೆಳೆಸುವುದಲ್ಲದೆ, ಓಪೈನ್ ಎಂಬ ಪದಾರ್ಥಗಳನ್ನು ತಯಾರಿಸುವಂತೆ ಮಾಡುತ್ತದೆ. ಅವು ಗಿಡಕ್ಕೆ ಉಪಯೋಗವಿಲ್ಲ, ಸೂಕ್ಷ್ಮಾಣುವಿಗೆ ಆಹಾರ. ಅಷ್ಟೇ ಅಲ್ಲ, ಕೆಲವು ಓಪೈನುಗಳ ಸನ್ನಿಧಿಯಲ್ಲಿ ಸೂಕ್ಷ್ಮಾಣುಗಳು ತಮ್ಮ ಪ್ಲಾಸ್ಮಿಡ್ಡಿನ ಪ್ರತಿಯನ್ನು ನೆರೆಯವುಗಳಿಗೆ ದಾಟಿಸತೊಡಗುತ್ತವೆ. ಗಂಟೆಂಬುದು ರೋಗಶಕ್ತಿಯು ಕೈಯಿಂದ ಕೈಗೆ ಹೋಗುವ ಸಂತೆಯೆನ್ನಬಹುದು. ಇದಕ್ಕೆ ವಿರುದ್ಧವಾಗಿ, ಕೆಲವು ತಳಿಗಳನ್ನು 37 ಡಿಗ್ರಿ ಸೆಂಟಿಗ್ರೇಡಿನ ಸಮೀಪದಲ್ಲಿ ಬೆಳೆಸಿದರೆ ಪ್ಲಾಸ್ಮಿಡ್ಡನ್ನೇ ಕಳೆದುಕೊಂಡು ಸಾಧುಗಳಾಗಿಬಿಡುತ್ತವೆ! ನಿರುಪದ್ರವಿಯೆಂಬುದು ಅವುಗಳ ಸ್ವಭಾವವಲ್ಲ, ಆ ಹೊತ್ತಿನ ಸ್ಥಿತಿ ಮಾತ್ರ.

ಕೆರ್ ಮಹಾಶಯನೇ ಪ್ರಚಾರಕ್ಕೆ ತಂದ ‘ಕೆ 84’ ಎಂಬ ನಿರುಪದ್ರವಿ ತಳಿಯ ನೀರಿನಲ್ಲಿ ಸಸಿಯ ಬೇರನ್ನದ್ದಿ ನೆಟ್ಟರೆ, ಅದು ಅಗ್ರೋಸಿನ್ ಎಂಬ ವಿಷವನ್ನು ಸ್ರವಿಸಿ ಶತ್ರುವನ್ನು ತಡೆಯುತ್ತದೆ. ದ್ರಾಕ್ಷಿಯ ಗಂಟಿಗೆ ಮಾತ್ರ ಇದು ಸಾಮಾನ್ಯವಾಗಿ ಫಲಿಸದು. ಆದರೆ ಆ ವಿಷವನ್ನು ಮಾಡುವ ಮತ್ತು ತಾಳಿಕೊಳ್ಳುವ ಗುಣಗಳೂ ದಾಟಬಲ್ಲ ಇನ್ನೊಂದು ಪ್ಲಾಸ್ಮಿಡ್ಡಿನಲ್ಲಿವೆ. ಶತ್ರುವು ಅದನ್ನು ಪಡೆದರೆ ಔಷಧವು ನಿಷ್ಫಲ. ಆದುದರಿಂದ 1980ರ ದಶಕದಲ್ಲಿ, ದಾಟುವುದಕ್ಕೆ ಬೇಕಾದ ಭಾಗವನ್ನು ತೆಗೆದುಹಾಕಿ ‘ಕೆ 1026’ ತಳಿಯನ್ನು ಸಿದ್ಧಪಡಿಸಿದರು. ಮನುಷ್ಯನು ಮಾರ್ಪಡಿಸಿದ ಜೀವಿಯನ್ನು ಮಣ್ಣಿಗೆ ಬಿಡಬಾರದೆಂದು ಕೆಲವರ ಆಕ್ಷೇಪಣೆ. ಈ ಒಂದು ಸಂದರ್ಭದಲ್ಲಿ ನಾನು ಒಪ್ಪಲಾರೆ. ಇಲ್ಲಿ ಮಾರ್ಪಡಿಸಿದ್ದಕ್ಕಿಂತ ಮೂಲ ತಳಿಯಲ್ಲಿಯೇ ಹೆಚ್ಚಿನ ಅಪಾಯವಿದೆ.

ಗಂಟು ಕಂಡ ಗಿಡವನ್ನು ಬೇರುಸಹಿತ ಕಿತ್ತು ಸುಡತಕ್ಕದ್ದು. ಕಸಿಯ ಚಾಕುವನ್ನು ಗಿಡದಿಂದ ಗಿಡಕ್ಕೆ ಶುದ್ಧಿಮಾಡಬೇಕು. ಆ ಮಡಿಯಲ್ಲಿ ಕೆಲವು ವರ್ಷ ರಾಗಿ, ಜೋಳಗಳಂತಹ, ಈ ರೋಗಕ್ಕೆ ಸಾಧಾರಣವಾಗಿ ಸಿಕ್ಕದ ಪೈರುಗಳನ್ನಿಡುವುದು ಮೇಲು. ಗಂಟಿಲ್ಲದ ಸಸಿಯ ಬೇರಿನಲ್ಲಿಯೂ ಸೂಕ್ಷ್ಮಾಣು ಅಡಗಿರಬಹುದಾದ್ದರಿಂದ, ಅದೇ ಮಡಿಯ ಮಿಕ್ಕ ಸಸಿಗಳನ್ನೂ ಮಾರಗೊಡಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಸಸಿತೋಟದವರಿಗೆ ಇದರಿಂದ ನಷ್ಟವುಂಟು, ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ರೋಗವನ್ನು ತಾವಾಗಿಯೇ ತಿಳಿಸಿದವರ ನಷ್ಟದಲ್ಲಿ ಒಂದು ಭಾಗವನ್ನು ಸರ್ಕಾರವು ವಹಿಸಿಕೊಳ್ಳುವುದು ನ್ಯಾಯ. ಇಲ್ಲವಾದರೆ ಗಂಟು ಕೊಯ್ಯುವ ಚಾಕುವೇ ಗೆಲ್ಲುವುದು.