‘ಲಿಟ್’ ಸರಿ, ‘ಲೈಟೆಡ್’ ತಪ್ಪು ಎಂದವರಾರು?



ದೀಪಾವಳಿ ಮುಗಿದು ಎರಡು ವಾರಗಳಾಗಿದ್ದವು. ರವಿವಾರದ ದಿನ ಮೊಮ್ಮಗಳು ತನ್ನ ತಂದೆಯೊಡನೆ ಹುಬ್ಬಳ್ಳಿಯಿಂದ ಸುಳ್ಳಕ್ಕೆ ಬಂದಿದ್ದಳು. ಏಳನೆಯ ಇಯತ್ತೆಯಲ್ಲಿ ಓದುತ್ತಾಳೆ, ಇಂಗ್ಲಿಷ್ ಮಾಧ್ಯಮ. ಊಟವಾದ ಮೇಲೆ ಚೀಲದೊಳಗಿಂದ ಒಂದು ನೋಟುಪುಸ್ತಕವನ್ನು ತೆಗೆದು ನನ್ನ ಮುಂದೆ ಹಿಡಿದಳು. ದೀಪಾವಳಿಯನ್ನು ಕುರಿತು ಬರೆದ ಪುಟ್ಟ ಪ್ರಬಂಧವದು. ಸಂಜೆ ನಾವೆಲ್ಲ ದೀಪಗಳನ್ನು ಹಚ್ಚಿದೆವು ಎಂದು ಹೇಳುವಲ್ಲಿ ಅವಳು ‘ಲೈಟೆಡ್’ ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ. ಪಕ್ಕದಲ್ಲಿ ‘ಲಿಟ್’ ಎಂಬ ತಿದ್ದುಪಡಿ. ಅರ್ಧ ಅಂಕ ಕಡಿತ.

"ಅಜ್ಜಾ, ಇದು ಖರೇನ ತಪ್ಪೈತೇನು?" ಎಂದು ಕೇಳಿದಳು.

"ಬಿಡ್ರಿ ಅಪ್ಪಾ, ಅರ್ಧಾ ಮಾರ್ಕಿನಾಗ ಏನ್ ಆಗೂದೈತಿ?" ಎಂದು ಮಗನು ನಕ್ಕನು.

ನನಗೆ ನಗು ಬರಲಿಲ್ಲ. ಆ ಕೆಂಪು ಗೆರೆಯ ಪರಿಚಯ ನನಗೆ ಚೆನ್ನಾಗಿಯೇ ಇದ್ದಿತು. ಅಂಥದೇ ಗೆರೆಯನ್ನು ಒಂದು ಕಾಲಕ್ಕೆ ನಾನೇ ಎಳೆದಿದ್ದೆನು. ಆದ್ದರಿಂದ ಈ ಲೇಖನದಲ್ಲಿ ಮೊದಲ ಆರೋಪಿ ನಾನೇ. ನನ್ನ ತಪ್ಪನ್ನು ಮೊದಲು ಒಪ್ಪಿಕೊಂಡು, ಬಳಿಕ ಉಳಿದವರೊಡನೆ ಜಗಳಕ್ಕೆ ನಿಲ್ಲುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಒಂಬತ್ತನೆಯ ಇಯತ್ತೆಗೆ ಇಂಗ್ಲಿಷ್ ಕಲಿಸುತ್ತಿದ್ದೆನು. ಎರೆಹೊಲದ ಕೆಲಸ ಮುಗಿಸಿ, ಮಣ್ಣು ಮೆತ್ತಿದ ಕಾಲಿನಲ್ಲಿಯೇ ಶಾಲೆಗೆ ಬರುತ್ತಿದ್ದ ಮಕ್ಕಳವು. ಊರಿಗೆ ವಿದ್ಯುತ್ತು ಬಂದಿದ್ದರೂ ಎಲ್ಲರ ಮನೆಗೆ ಬಂದಿರಲಿಲ್ಲ. ಬಹಳಷ್ಟು ಮನೆಗಳಲ್ಲಿ ಕಂದೀಲು, ಚಿಮಣಿಗಳೇ ಇದ್ದವು. ತನ್ನ ಮನೆಯ ಸಂಜೆಯನ್ನು ಕುರಿತು ಐದು ವಾಕ್ಯ ಬರೆಯಿರೆಂದು ಹೇಳಿದಾಗ, ಒಬ್ಬ ಹುಡುಗಿ ‘ನನ್ನ ಅವ್ವ ದೀಪ ಹಚ್ಚಿದಳು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದಳು, ಕ್ರಿಯಾಪದ ‘ಲೈಟೆಡ್’. ನಾನು ಗೆರೆ ಎಳೆದೆನು. ಅವಳು ಎದ್ದು ನಿಂತು, "ಸರ್, ಪಾಠದಾಗ ‘ಲೈಟೆಡ್ ಲ್ಯಾಂಪ್’ ಅಂತ ಐತಲ್ರಿ?" ಎಂದಳು.

ಎಷ್ಟು ಒಳ್ಳೆಯ ಪ್ರಶ್ನೆ! ಪಾಠದಲ್ಲಿ ವಿಶೇಷಣವಾಗಿ ಬಂದ ರೂಪವನ್ನು ಗುರುತಿಸಿ, ಅದರಿಂದ ಭೂತಕಾಲವನ್ನು ಅವಳು ತಾನಾಗಿಯೇ ಊಹಿಸಿದ್ದಳು. ಆ ಊಹೆ ಸರಿಯಾಗಿಯೇ ಇದ್ದಿತು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. "ಎದುರು ಮಾತಾಡಬ್ಯಾಡ, ಕೂಡು" ಎಂದು ಗದರಿಸಿ, ‘ಲಿಟ್’ ಎಂಬುದನ್ನು ಐವತ್ತು ಸಲ ಬರೆದುಕೊಂಡು ಬರಲು ಹೇಳಿದೆನು. ಬರೆದು ತಂದಳು, ಅಕ್ಷರ ದುಂಡಾಗಿದ್ದವು. ಆದರೆ ಆ ವರ್ಷ ಮುಗಿಯುವವರೆಗೆ ಆ ಹುಡುಗಿ ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ‘ಲೈಟ್’ ಎಂಬ ಇಂಗ್ಲಿಷ್ ಧಾತುವಿಗೆ ಭೂತಕಾಲದಲ್ಲಿ ‘ಲಿಟ್’, ‘ಲೈಟೆಡ್’ ಎಂಬ ಎರಡು ರೂಪಗಳುಂಟು. ಎರಡೂ ಸಾಧು. ಇದು ನನ್ನ ಸ್ವಂತ ಅಭಿಪ್ರಾಯವಲ್ಲ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಎರಡನ್ನೂ ಕೊಡುತ್ತದೆ. ನಮ್ಮ ಶಿಕ್ಷಕರ ಮೇಜಿನ ಮೇಲೆ ಇರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟು ‘ಲಿಟ್’ ಅನ್ನು ಮೊದಲು ಕೊಟ್ಟು, ‘ಲೈಟೆಡ್’ ಕೂಡ ಬಳಕೆಯಲ್ಲಿದೆ, ವಿಶೇಷವಾಗಿ ನಾಮಪದದ ಹಿಂದೆ ಬರುವಾಗ, ಎಂದು ತಿಳಿಸುತ್ತದೆ. ಮೇಜಿನ ಮೇಲಿರುವ ಪುಸ್ತಕವನ್ನು ತೆರೆದು ನೋಡಲು ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ನಾನು ಅಂದು ಕೊಡಲಿಲ್ಲ. ಮೊಮ್ಮಗಳ ಶಾಲೆಯಲ್ಲಿಯೂ ಯಾರೂ ಕೊಟ್ಟಿಲ್ಲ.

‘ಲೈಟೆಡ್’ ಎಂಬುದು ಹಳ್ಳಿಯ ಮಕ್ಕಳು ಅಜ್ಞಾನದಿಂದ ಹುಟ್ಟಿಸಿದ ರೂಪವೆಂದು ತಿಳಿಯುವವರು 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲನ್ನು ತೆರೆಯಲಿ. ವಿಮೋಚನಕಾಂಡದ 40ನೆಯ ಅಧ್ಯಾಯದಲ್ಲಿ ಮೋಶೆಯು ದೇವರ ಗುಡಾರದಲ್ಲಿ ದೀಪಗಳನ್ನು ಹಚ್ಚಿದ ಪ್ರಸಂಗ ಬರುತ್ತದೆ. ಅಲ್ಲಿರುವ ಕ್ರಿಯಾಪದ ‘ಲೈಟೆಡ್’. ಷೇಕ್ಸ್‌ಪಿಯರನು ‘ಮ್ಯಾಕ್‌ಬೆತ್’ ನಾಟಕದ ಐದನೆಯ ಅಂಕದಲ್ಲಿ, ರಾಣಿಯ ಸಾವಿನ ಸುದ್ದಿ ಕೇಳಿದ ನಾಯಕನ ಬಾಯಿಯಲ್ಲಿ ಇಟ್ಟಿರುವುದೂ ‘ಲೈಟೆಡ್’ ಎಂಬ ರೂಪವನ್ನೇ. ನನ್ನ ಕೆಂಪು ಪೆನ್ನು ಅವರ ಪುಟಗಳ ಮೇಲೆ ಓಡಲಾರದು. ಅದು ಓಡಿದ್ದು, ಚಿಮಣಿಯ ಬೆಳಕಿನಲ್ಲಿ ಬರೆದ ಹುಡುಗಿಯ ಪುಟದ ಮೇಲೆ.

ಎರಡು ರೂಪಗಳು ಏಕೆ ಬಂದವು? ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ, ‘ಟ’ಕಾರ ‘ಡ’ಕಾರಗಳಲ್ಲಿ ಮುಗಿಯುವ ಕೆಲವು ಧಾತುಗಳಿಗೆ ಭೂತಕಾಲದ ಪ್ರತ್ಯಯ ಹತ್ತಿದಾಗ ಎರಡು ವ್ಯಂಜನಗಳು ಬೆರೆತು ಒಂದಾದವು, ಕಾಲಕ್ರಮದಲ್ಲಿ ಅವುಗಳ ಹಿಂದಿನ ಸ್ವರವು ಗಿಡ್ಡವಾಯಿತು. ‘ಮೀಟ್-ಮೆಟ್’, ‘ಫೀಡ್-ಫೆಡ್’, ‘ಲೀಡ್-ಲೆಡ್’, ‘ಹೈಡ್-ಹಿಡ್’ ಈ ಬಳಗದವು. ‘ಲಿಟ್’ ಆ ಬಳಗದ ಕೂಸು. ‘ಲೈಟೆಡ್’ ಎಂಬಲ್ಲಿ ಪ್ರತ್ಯಯವು ಕರಗದೆ ಪ್ರತ್ಯೇಕವಾಗಿ ಉಳಿದಿದೆ. ಒಂದೇ ಮನೆಯ ಅಣ್ಣತಮ್ಮಂದಿರು. ಮನೆಯ ಹಿರಿಯರು ಇಬ್ಬರನ್ನೂ ಒಳಗಿಟ್ಟುಕೊಂಡಿರುವಾಗ, ಒಬ್ಬನನ್ನು ಹೊರಗೆ ಹಾಕಲು ಬೇರೆ ಊರಿನವರಾದ ನಾವು ಯಾರು?

ಇದು ನಮಗೆ ತಿಳಿಯದ ಸಂಗತಿಯೂ ಅಲ್ಲ. ನಮ್ಮ ಕನ್ನಡವನ್ನೇ ನೋಡಿರಿ. ‘ಸುಡು-ಸುಟ್ಟ’, ‘ಕೊಡು-ಕೊಟ್ಟ’, ‘ಇಡು-ಇಟ್ಟ’, ‘ಬಿಡು-ಬಿಟ್ಟ’, ‘ನೆಡು-ನೆಟ್ಟ’. ಇಲ್ಲಿಯೂ ಧಾತುವಿನ ಕೊನೆಯ ‘ಡ’ಕಾರವು ಭೂತಕಾಲದ ಪ್ರತ್ಯಯದೊಡನೆ ಬೆರೆತು ‘ಟ್ಟ’ ಆಯಿತು. ಆದರೆ ‘ಮಾಡು-ಮಾಡಿದ’, ‘ನೋಡು-ನೋಡಿದ’, ‘ಹಾಡು-ಹಾಡಿದ’ ಎಂಬಲ್ಲಿ ಮೊದಲ ಅಕ್ಷರ ದೀರ್ಘವಾದ್ದರಿಂದ ಪ್ರತ್ಯಯ ಬೇರೆಯಾಗಿಯೇ ನಿಂತಿತು. ಎರಡು ವರ್ಷದ ಕೂಸು ಈ ಭೇದವನ್ನು ಅರಿಯದೆ, "ಅವ್ವಾ, ನಾ ಕೊಡಿದೆ" ಎನ್ನುತ್ತದೆ. ತಾಯಿ ಏನು ಮಾಡುತ್ತಾಳೆ? ಐವತ್ತು ಸಲ ಬರೆಯಿಸುತ್ತಾಳೆಯೆ? "ಹೌದಾ, ಕೊಟ್ಟಿ? ಶಾಣ್ಯಾ ಅದಿ" ಎಂದು ನಕ್ಕು, ಸರಿಯಾದ ರೂಪವನ್ನು ಅದರ ಕಿವಿಗೆ ಹಾಕುತ್ತಾಳೆ. ಕೂಸು ತಾನಾಗಿಯೇ ‘ಕೊಟ್ಟೆ’ ಎನ್ನಲು ಕಲಿಯುತ್ತದೆ.

ಇನ್ನು ಒಂದೇ ಧಾತುವಿಗೆ ಎರಡು ಸಾಧು ರೂಪಗಳೆಂದರೆ, ಅವೂ ನಮ್ಮಲ್ಲಿ ಬೇಕಾದಷ್ಟಿವೆ. ‘ಬಂದಿತು’ ಎಂದರೂ ಸರಿ, ‘ಬಂತು’ ಎಂದರೂ ಸರಿ. ‘ಇದ್ದಿತು’ ಎಂದೂ ಬರೆಯುತ್ತೇವೆ, ‘ಇತ್ತು’ ಎಂದೂ ಬರೆಯುತ್ತೇವೆ. ಮಾತಿಗೆ ಬಂದರೆ ‘ಆಯಿತು’ ಎಂಬುದು ನಮ್ಮ ಭಾಗದಲ್ಲಿ ‘ಆತು’ ಆಗುತ್ತದೆ. ಮೈಸೂರು ಕಡೆ ‘ಆಯ್ತು’ ಆಗುತ್ತದೆ. ‘ಮಳೆ ಬಂತು’ ಎಂದು ಬರೆದ ಹುಡುಗನಿಗೆ ಯಾವ ಕನ್ನಡ ಶಿಕ್ಷಕರೂ ‘ಮಳೆ ಬಂದಿತು ಎಂದೇ ಬರೆ’ ಎಂದು ಅಂಕ ಕಳೆಯುವುದಿಲ್ಲ. ಸ್ವಂತ ಭಾಷೆಯಲ್ಲಿ ನಮಗಿರುವ ಈ ಔದಾರ್ಯ ಇಂಗ್ಲಿಷಿನ ಹೊಸ್ತಿಲಲ್ಲಿ ಎಲ್ಲಿ ಹೋಗುತ್ತದೆ?

ಕಾರಣ ನನಗೆ ಗೊತ್ತಿದೆ. ನಾವು ಇಂಗ್ಲಿಷನ್ನು ಕಿವಿಯಿಂದ ಕಲಿತವರಲ್ಲ, ಪಟ್ಟಿಯಿಂದ ಕಲಿತವರು. ‘ಗೋ-ವೆಂಟ್-ಗಾನ್’ ಎಂದು ಮೂರು ಸಾಲುಗಳ ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದೆವು. ಅದನ್ನೇ ನಿಮಗೂ ಮಾಡಿಸಿದೆವು. ಪಟ್ಟಿಯ ಒಂದು ಮನೆಯಲ್ಲಿ ಒಂದೇ ರೂಪಕ್ಕೆ ಜಾಗ. ಸ್ಥಳಾಭಾವದಿಂದ ಹೊರಗುಳಿದ ರೂಪವು ನಮ್ಮ ತಲೆಯಲ್ಲಿ ತಪ್ಪು ರೂಪವಾಗಿ ಕುಳಿತುಬಿಟ್ಟಿತು. ‘ಬರ್ನ್’ ಧಾತುವಿಗೆ ‘ಬರ್ನ್ಟ್’ ಮಾತ್ರ ಬರೆಯಿಸಿಕೊಂಡು ಕಲಿತ ನನ್ನ ಶಿಷ್ಯರು ಅಮೆರಿಕಕ್ಕೆ ಹೋದ ಮೇಲೆ, ಅಲ್ಲಿ ಎಲ್ಲರೂ ‘ಬರ್ನ್ಡ್’ ಎನ್ನುವುದನ್ನು ಕೇಳಿ ಬೆರಗಾದರು. ‘ಲರ್ನ್ಟ್-ಲರ್ನ್ಡ್’, ‘ಡ್ರೆಮ್ಟ್-ಡ್ರೀಮ್ಡ್’ ಇವುಗಳ ಕಥೆಯೂ ಅದೇ.

ವ್ಯಾಕರಣವೆಂದರೆ ಬಳಕೆಯ ಮೇಲೆ ಹೇರುವ ಕಾನೂನಲ್ಲ ಎಂಬುದನ್ನು ನಮಗೆ ಇಂಗ್ಲಿಷರು ಬಂದು ಕಲಿಸಬೇಕಿರಲಿಲ್ಲ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ತನಗಿಂತ ಹಿಂದಿನ ಕವಿಗಳನ್ನು ಹೆಸರಿಸಿ, ಅವರ ಪ್ರಯೋಗಗಳೇ ತನಗೆ ಲಕ್ಷ್ಯವೆಂದನು. ಮೊದಲು ಪ್ರಯೋಗ, ಆಮೇಲೆ ಸೂತ್ರ. ಅದೇ ಗ್ರಂಥವನ್ನು 1872ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ ಫರ್ಡಿನಂಡ್ ಕಿಟ್ಟೆಲ್ಲರು 1853ರಲ್ಲಿ ಜರ್ಮನಿಯಿಂದ ಭಾರತಕ್ಕೆ ಬಂದವರು, ನಮ್ಮ ಧಾರವಾಡದ ನೀರು ಕುಡಿದವರು. 1894ರಲ್ಲಿ ಹೊರಬಂದ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಅವರು ಗ್ರಂಥಸ್ಥ ರೂಪಗಳ ಜೊತೆಗೆ ಆಡುಮಾತಿನ ರೂಪಗಳನ್ನೂ ದಾಖಲಿಸಿದರು. ನಮ್ಮ ಭಾಗದ ಮಾತಿಗೆ ‘ದಕ್ಷಿಣ ಮರಾಠಾ ಸೀಮೆ’ಯದೆಂಬ ಗುರುತು ಹಾಕಿದರು, ತಪ್ಪು ಎಂಬ ಗುರುತನ್ನಲ್ಲ. ಪರದೇಶದವನೊಬ್ಬ ನಮ್ಮ ಒಕ್ಕಲಿಗನ ಮಾತಿಗೆ ಕೊಟ್ಟ ಮರ್ಯಾದೆಯನ್ನು, ನಾವು ನಮ್ಮ ಮಗುವಿನ ಇಂಗ್ಲಿಷಿಗೆ ಕೊಡಲಾರೆವೆ?

ಇದಕ್ಕೆ ಬರುವ ಆಕ್ಷೇಪವನ್ನೂ ಬಲ್ಲೆನು. "ಗುರುಗಳೆ, ಹೀಗೆ ಎಲ್ಲವನ್ನೂ ಸರಿ ಎನ್ನುತ್ತ ಹೋದರೆ ನಾಳೆ ‘ಗೋಡ್’ ಎಂದು ಬರೆದವನಿಗೂ ಅಂಕ ಕೊಡಬೇಕಾದೀತು" ಎಂದು ನನ್ನ ಶಿಷ್ಯನೇ ಆದ ಒಬ್ಬ ಶಿಕ್ಷಕನು ವಾದಿಸಿದನು. ಅಲ್ಲಪ್ಪ, ಹಾಗಲ್ಲ. ‘ಗೋಡ್’ ಎಂಬುದನ್ನು ಯಾವ ನಿಘಂಟೂ ಸಾಧುವೆಂದು ಒಪ್ಪಿಲ್ಲ, ಇಂಗ್ಲಿಷರ ಶಿಷ್ಟ ಬಳಕೆಯಲ್ಲಿ ಅದು ಇಲ್ಲ. ಅದು ತಪ್ಪು, ತಿದ್ದಲೇಬೇಕು. ‘ಲೈಟೆಡ್’ ನಿಘಂಟಿನಲ್ಲಿದೆ, ಬಳಕೆಯಲ್ಲಿದೆ. ತಪ್ಪನ್ನು ತಿದ್ದುವುದು ಶಿಕ್ಷಕನ ಧರ್ಮ. ಸರಿಯಾದುದನ್ನು ತಪ್ಪೆಂದು ತಿದ್ದುವುದು ಅಧರ್ಮ. ಎರಡೂ ಒಂದೇ ಶಾಯಿಯಲ್ಲಿ ನಡೆಯುತ್ತವೆಂಬುದರಿಂದ ಎರಡೂ ಒಂದೇ ಆಗಲಾರವು.

ಒಂದು ಮಾತನ್ನು ಒಪ್ಪುತ್ತೇನೆ. ಇಂದಿನ ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ‘ಲಿಟ್’ ಎಂಬುದೇ ಹೆಚ್ಚು ರೂಢಿ. ಮುಖ ಅರಳಿತು ಎನ್ನುವಾಗ ‘ಲಿಟ್ ಅಪ್’ ಎನ್ನುವುದೇ ವಾಡಿಕೆ. ಮಂದ ಬೆಳಕಿನ ಕೋಣೆ ‘ಡಿಮ್ಲಿ ಲಿಟ್’. ಆದರೆ ಉರಿಯುವ ಮೇಣಬತ್ತಿಗೆ ‘ಲೈಟೆಡ್ ಕ್ಯಾಂಡಲ್’ ಎಂದರೆ ಕಿವಿಗೆ ಹಿತ. ಇಂದು ನಾನು ತರಗತಿಗೆ ಹೋದರೂ ‘ಲಿಟ್’ ಅನ್ನೇ ಮೊದಲು ಕಲಿಸುವೆನು. ಬಳಿಕ, ‘ಲೈಟೆಡ್ ಕೂಡ ಉಂಟು, ಇಂತಿಂಥಲ್ಲಿ ಹೆಚ್ಚಾಗಿ ಬರುತ್ತದೆ’ ಎಂದು ಎರಡು ಮಾತು ಸೇರಿಸುವೆನು. ಮಗು ಆ ಎರಡು ಮಾತುಗಳಿಂದ ಕಲಿಯುವಷ್ಟನ್ನು ಐವತ್ತು ಸಲ ಬರೆದರೂ ಕಲಿಯಲಾರದು.

ಅರ್ಧ ಅಂಕಕ್ಕಾಗಿ ಈ ಮುದುಕನಿಗೇಕೆ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ಸಿಟ್ಟು ಅಂಕದ ಮೇಲಲ್ಲ. ನನ್ನ ಸೇವಾವಧಿಯ ಬಹುಪಾಲು, ಕನ್ನಡ ಶಾಲೆಯ ಮಗು ಐದನೆಯ ಇಯತ್ತೆಯಲ್ಲಿ ಮೊದಲ ಬಾರಿಗೆ ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದಿತು. 2007-08ರಿಂದ ಸರಕಾರವು ಒಂದನೆಯ ಇಯತ್ತೆಗೇ ಇಂಗ್ಲಿಷನ್ನು ತಂದಿತು. ಆರಂಭದ ವಯಸ್ಸು ಇಳಿಯಿತು, ಅಂಜಿಕೆ ಇಳಿಯಲಿಲ್ಲ. ಗಣಿತದಲ್ಲಿ ಜಾಣರಾಗಿದ್ದ ಎಷ್ಟೋ ಹುಡುಗರು ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷ್ ಒಂದರಲ್ಲಿಯೇ ಬಿದ್ದು, ಮತ್ತೆ ಪರೀಕ್ಷೆಗೆ ಕೂಡದೆ ಹೊಲಕ್ಕೆ ತಿರುಗಿ ಹೋದುದನ್ನು ಕಣ್ಣಾರೆ ಕಂಡಿದ್ದೇನೆ. ಹೊಲದ ಕೆಲಸ ಕೀಳೆಂದು ಹೇಳುತ್ತಿಲ್ಲ. ಅದು ಅವರ ಆಯ್ಕೆಯಾಗಿರಲಿಲ್ಲ ಎನ್ನುತ್ತಿದ್ದೇನೆ. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ. ಬಾಯಿ ತೆರೆದರೆ ತಪ್ಪಾಗುತ್ತದೆ ಎಂಬ ಭಯವನ್ನು ನಾವು ಅವರಲ್ಲಿ ಬಿತ್ತಿದೆವು. ಸರಿಯಾಗಿ ಹೇಳಿದಾಗಲೂ ತಪ್ಪೆನ್ನಿಸಿಕೊಂಡ ಮಗು ಇನ್ನು ಯಾವ ಧೈರ್ಯದಿಂದ ಬಾಯಿ ತೆರೆದೀತು?

ನನ್ನ ಶಿಷ್ಯರಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ಕೆಂಪು ಗೆರೆ ಎಳೆಯುವ ಮುನ್ನ, ಸಂದೇಹ ಬಂದಲ್ಲಿ ನಿಘಂಟನ್ನು ತೆರೆಯಿರಿ. ಮಗು ‘ಪುಸ್ತಕದಾಗ ಹಿಂಗ ಐತಲ್ರಿ’ ಎಂದರೆ, ಆ ಪುಸ್ತಕವನ್ನು ತರಿಸಿ ನೋಡಿರಿ. ಗೊತ್ತಿಲ್ಲದಿದ್ದರೆ, "ನನಗ ಗೊತ್ತಿಲ್ಲ, ನಾಳೆ ನೋಡಿ ಹೇಳತೇನಿ" ಎನ್ನಿರಿ. ಇದರಿಂದ ಮರ್ಯಾದೆ ಹೋಗುವುದಿಲ್ಲ. ಹೋಗುತ್ತದೆಂದು ತಿಳಿದು ಇಡೀ ವೃತ್ತಿಜೀವನವನ್ನು ಕಳೆದವನ ಮಾತಿದು.

ಮೊಮ್ಮಗಳ ನೋಟುಪುಸ್ತಕದ ವಿಷಯ ಹೇಳಿ ಮುಗಿಸುತ್ತೇನೆ. ನಿಘಂಟಿನ ಆ ಪುಟವನ್ನು ಅವಳಿಗೆ ತೋರಿಸಿ, ಅದರಲ್ಲಿದ್ದುದನ್ನು ಅವಳ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಯಿಸಿದೆನು. "ಟೀಚರ್ ಸಿಟ್ಟಾದ್ರ?" ಎಂದಳು. "ಸಾವಕಾಶ, ಕೈ ಮುಗಿದು ಕೇಳು. ಆದರ ಕೇಳು" ಎಂದೆನು. ಸೋಮವಾರ ಸಂಜೆ ಫೋನು ಬಂದಿತು. ಟೀಚರು ಹಾಳೆಯನ್ನು ಓದಿ, ಅರ್ಧ ಅಂಕ ಮರಳಿಸಿ, ಅದನ್ನು ಇಡೀ ತರಗತಿಗೆ ಓದಿ ಹೇಳಿದರಂತೆ. ವಯಸ್ಸಿನಲ್ಲಿ ನನ್ನ ಮಗಳಂತಿರುವ ಆ ಶಿಕ್ಷಕಿಗೆ ನಾನು ಇಲ್ಲಿಂದಲೇ ನಮಸ್ಕರಿಸುತ್ತೇನೆ. ನಾನು ಅಂದು ಮಾಡಲಾರದ್ದನ್ನು ಅವರು ಮಾಡಿದರು.

ಆ ಒಂಬತ್ತನೆಯ ಇಯತ್ತೆಯ ಹುಡುಗಿಗೆ ಈಗ ಮೊಮ್ಮಕ್ಕಳಾಗಿರಬಹುದು. ಅವಳ ಮನೆಯವರು ಯಾರಾದರೂ ಇದನ್ನು ಓದಿದರೆ ಅವಳಿಗೆ ಓದಿ ಹೇಳಿರಿ: ತಂಗಿ, ನೀನು ಬರೆದದ್ದು ಸರಿಯಾಗಿದ್ದಿತು. ತಪ್ಪು ನಿನ್ನ ಮಾಸ್ತರನದು.