ಗದ್ದೆಗೆ ಹೋಗೋ ಗಾಡಿಗೆ ಕಬ್ಬಿಣದ ಮೀಸೆ ಯಾಕ್ರಿ?

ಕೆ.ಬಿ. ಬಡಾವಣೆಯ ನಮ್ಮ ಬಾಡಿಗೆ ರೂಮಿನ ಮುಂದೆ ಒಂದು ಭಾನುವಾರ ಬೆಳಿಗ್ಗೆ ಏರ್ ಹಾರ್ನ್ ಕೂಗಿತು. ಓಣಿಯ ನಾಯಿಗಳೆಲ್ಲ ಎದ್ದವು. ಹೊರಗೆ ಬಂದು ನೋಡಿದರೆ ನಮ್ಮ ಚಿಕ್ಕಪ್ಪನ ಮಗ. ಸಾಲ ಮಾಡಿ ತಗೊಂಡ ಹೊಸ ಕರೆಂಟ್ ಪಿಕಪ್ ತಂದು ನಿಲ್ಲಿಸಿದ್ದ. ಹಸಿರು ನಂಬರ್ ಪ್ಲೇಟು, ಹಳದಿ ಅಕ್ಷರ, ಕೆಎ 17. ಅಷ್ಟೇ ಆಗಿದ್ದರೆ ನಾನೂ ಖುಷಿ ಪಡ್ತಿದ್ದೆ.

ಮುಂದೆ ಕಬ್ಬಿಣದ ಗಾರ್ಡ್. ತಲೆ ಮೇಲೆ ಎಲ್‌ಇಡಿ ಬಾರ್. ಎರಡೂ ಪಕ್ಕ ಕಾಲಿಡೋ ಪೈಪು. ದಪ್ಪ ಗಟ್ಟಿಯ ಟೈರು. ಹಿಂದಿನ ಪಾಟಾಕ್ಕೆ ಇನ್ನೊಂದು ಎಲೆ.

"ಹೆಂಗೈತಿ ಅಣ್ಣಾ? ಫುಲ್ ಆಫ್‌ರೋಡ್ ಮಾಡಿಸೀನಿ" ಅಂದ.

"ಎಷ್ಟಾತು?"

"ಅರವತ್ತೆರಡು ಸಾವಿರ. ಅಂಗಡಿಯವ್ರು ಕಂತಿನ ಮೇಲೆ ಕೊಟ್ರು."

ಗಾಡಿಗೊಂದು ಕಂತು, ಗಾಡಿಯ ಮೀಸೆಗೊಂದು ಕಂತು. ಹರಿಹರ ತಾಲೂಕಿನ ನಮ್ಮೂರಿಂದ ದಾವಣಗೆರೆ ಮಾರ್ಕೆಟ್ಟಿಗೆ ಟೊಮೆಟೊ, ಬದನೆ, ಸೊಪ್ಪು ಹೊರೋ ಹುಡುಗ ಇವನು. ಯಾವ ಹಿಮಾಲಯ ಹತ್ತೋಕೆ ಹೊರಟಿದ್ದಾನೆ?

ನೇರವಾಗಿ ಹೇಳ್ತೀನಿ. ಆಫ್‌ರೋಡ್ ಅನ್ನೋ ಹೆಸರಲ್ಲಿ ನಮ್ಮ ಹಳ್ಳಿ ಹುಡುಗರಿಗೆ ಮಾರ್ತಿರೋ ಮುಕ್ಕಾಲು ಪಾಲು ಸಾಮಾನು ಗಾಡಿಗೆ ಕೆಲಸಕ್ಕೆ ಬರೋದಿಲ್ಲ. ಕೆಲವು ಕಾನೂನಿಗೂ ವಿರುದ್ಧ. ಅದರಲ್ಲೂ ಕರೆಂಟ್ ಗಾಡಿಗೆ ಇವು ಡೀಸೆಲ್ ಗಾಡಿಗಿಂತ ಜಾಸ್ತಿ ನಷ್ಟ ಮಾಡ್ತವೆ.

ಮೊದಲು ತೂಕದ ಮಾತು. 2022ರ ಮೇ ತಿಂಗಳಲ್ಲಿ ಟಾಟಾ ಏಸ್ ಇವಿ ಬಂದಾಗ ಅದು ಹೊರೋ ಭಾರ 600 ಕೆ.ಜಿ. ಅಂತ ಹೇಳಿದ್ರು. ಒಂದು ಟನ್ ಹೊರೋದು ಬಂದಿದ್ದು 2024ರಲ್ಲಿ. ನಮ್ಮ ಹುಡುಗನ ಗಾಡಿಯೂ ಆ 600 ಕೆ.ಜಿ. ವರ್ಗದ್ದೇ. ಗಾರ್ಡು, ಪೈಪು, ಮೇಲಿನ ಫ್ರೇಮು, ಪಾಟಾ ಎಲೆ ಎಲ್ಲ ಸೇರಿ ಸುಮಾರು 100 ಕೆ.ಜಿ. ಆಗಿದ್ದು ಆಮೇಲೆ ಗುಜರಿ ಅಂಗಡಿಯ ತಕ್ಕಡಿಯಲ್ಲಿ ಗೊತ್ತಾಯ್ತು. ಅಂದರೆ 25 ಕೆ.ಜಿ.ಯ ನಾಲ್ಕು ಕ್ರೇಟ್ ಟೊಮೆಟೊ. ಒಂದು ಕ್ರೇಟಿಗೆ ಅವನಿಗೆ ಸಿಗೋ ಬಾಡಿಗೆ 10 ರೂಪಾಯಿ. ದಿನಕ್ಕೆ ಎರಡು ಟ್ರಿಪ್, ತಿಂಗಳಿಗೆ 25 ದಿನ, ಗಾಡಿ ತುಂಬಿ ಓಡ್ತು ಅಂತ ಇಟ್ಕೊಳ್ಳಿ. 2,000 ರೂಪಾಯಿ ಬಾಡಿಗೆಯ ಜಾಗವನ್ನ ಕಬ್ಬಿಣ ಕೂತು ತಿಂತು. ಅದರ ಮೇಲೆ ಅದಕ್ಕೇ ಕಂತು ಬೇರೆ ಕಟ್ಟಬೇಕು!

"ಪಾಟಾಕ್ಕೆ ಎಲೆ ಹಾಕಿಸೀನಲ್ಲ, ಜಾಸ್ತಿ ಹೊರ್ತತಿ" ಅಂತಾನೆ. ಹೊರೋ ಭಾರ ಬರೆದಿರೋದು ಪಾಟಾದ ಮೇಲಲ್ಲ, ಆರ್‌ಸಿಯಲ್ಲಿ. ಎಲೆ ಸೇರಿಸಿದರೆ ಗಾಡಿ ಕೂರೋದು ಕಮ್ಮಿ ಕಾಣಬಹುದು, ಬ್ರೇಕು, ಆಕ್ಸಲ್ಲು, ಮೋಟಾರು ಮೊದಲಿನವೇ. ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆ ಹೇಳೋ ದಂಡ 20,000 ರೂಪಾಯಿ, ಹೆಚ್ಚಿನ ಒಂದೊಂದು ಟನ್ನಿಗೆ 2,000 ಬೇರೆ.

ಇನ್ನು ಆ ಮೀಸೆ. ಇಂಥ ಗಾರ್ಡ್ ಹಾಕಿದ ಗಾಡಿಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಎಲ್ಲ ರಾಜ್ಯಗಳಿಗೂ ಬರೆದಿದೆ. ಕಾಯ್ದೆಯ 52ನೇ ಕಲಂ ಪ್ರಕಾರ ಅದು ತಪ್ಪು. ಕಂಪನಿ ಕೊಟ್ಟ ನಮೂನೆಯಿಂದ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಅಪಘಾತವಾದಾಗ ವಿಮೆ ಕಂಪನಿಯ ಸರ್ವೇಯರ್ ಮೊದಲು ನೋಡೋದೂ ಇದನ್ನೇ: ತಿಳಿಸದೆ ಏನೇನು ಸೇರಿಸಿದ್ದಾರೆ ಅಂತ.

ಇದಕ್ಕೆ ಊರಲ್ಲಿ ಒಂದು ಎದುರು ವಾದ ಇದೆ, ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. "ಎಮ್ಮೆ ಅಡ್ಡ ಬಂದ್ರೆ? ಹಂದಿ ನುಗ್ಗಿದ್ರೆ? ಹೆಡ್‌ಲೈಟ್ ಒಡದ್ರೆ ಯಾರು ಕೊಡ್ತಾರೆ?" ನಿಜ, ನಿಧಾನಕ್ಕೆ ತಗುಲಿದರೆ ಗಾರ್ಡ್ ಲೈಟು ಉಳಿಸ್ತದೆ. ಆದರೆ ಜೋರಾಗಿ ಗುದ್ದಿದಾಗ ಗಾಡಿಯ ಮುಂಭಾಗ ಮುದುಡಿ ಏಟು ತಾನು ನುಂಗಬೇಕು, ಅದಕ್ಕೇ ಅದನ್ನ ಹಾಗೆ ಮಾಡಿರ್ತಾರೆ. ಗಾರ್ಡನ್ನ ನೇರ ಚಾಸಿಗೆ ಬೋಲ್ಟ್ ಹಾಕಿದರೆ ಆ ಏಟು ಸೀದಾ ಒಳಗೆ ಕೂತವನ ಕಡೆ ಬರ್ತದೆ. ಇಂಥ ಪುಟ್ಟ ಗಾಡಿಯಲ್ಲಿ ಡ್ರೈವರಿನ ಮೊಣಕಾಲಿಗೂ ಬಂಪರಿಗೂ ಎಷ್ಟು ದೂರ ಇದೆ ಅಂತ ಒಮ್ಮೆ ಕೂತು ನೋಡ್ರಿ. ಇನ್ನು ಎದುರಿಗೆ ಸಿಕ್ಕೋದು ಎಮ್ಮೆ ಅಲ್ಲ, ಶಾಲೆಗೆ ಸೈಕಲ್ ಮೇಲೆ ಹೋಗೋ ಹುಡುಗಿ ಅಂತಾದರೆ?

ಎಲ್‌ಇಡಿ ಬಾರು ಬ್ಯಾಟರಿ ತಿಂತದೆ ಅಂತ ಕೆಲವರು ಹೆದರಿಸ್ತಾರೆ. ಅದು ಸುಳ್ಳು. 200 ವ್ಯಾಟಿನ ಲೈಟು ಎರಡು ಗಂಟೆ ಉರಿದರೆ ಅರ್ಧ ಯೂನಿಟ್ಟೂ ಆಗೋದಿಲ್ಲ. ಏಸ್ ಇವಿಯ ಬ್ಯಾಟರಿ 21.3 ಯೂನಿಟ್, ಮೂರು ಕಿಲೋಮೀಟರಿನಷ್ಟು ಓಟ ಹೋದೀತು. ತೊಂದರೆ ಇರೋದು ವೈರಿನಲ್ಲಿ. ಅಂಗಡಿ ಹುಡುಗ ಸಿಕ್ಕ ವೈರು ಸುಲಿದು, ಫ್ಯೂಸ್ ಇಲ್ಲದೆ ಜೋಡಿಸಿ ಟೇಪ್ ಸುತ್ತಿ ಕಳಿಸ್ತಾನೆ. ಡೀಸೆಲ್ ಗಾಡಿಯಲ್ಲಿ ಕಲಿತ ಕೈ ಅದು. ಕರೆಂಟ್ ಗಾಡಿಯ ಕೆಳಗೆ ಕಿತ್ತಳೆ ಬಣ್ಣದ ಕೇಬಲ್ ಓಡಿರ್ತದೆ, ಅದು ಹೈವೋಲ್ಟೇಜ್. ಅದರ ಹತ್ತಿರ ಡ್ರಿಲ್ ಹಿಡಿದು ತೂತು ಕೊರೆಯೋರನ್ನ ನಾನು ಕಣ್ಣಾರೆ ನೋಡಿದೆ. ಗಾಡಿ ಸುಡಲಿಲ್ಲ, ಪುಣ್ಯ. ವಾರಂಟಿ ಕೇಳೋಕೆ ಹೋದಾಗ ಮಾತ್ರ ಆ ಟೇಪು ಸುತ್ತಿದ ಗಂಟು ಎಲ್ಲರಿಗಿಂತ ಮೊದಲು ಮಾತಾಡ್ತದೆ. ಕೀರಲು ಏರ್ ಹಾರ್ನಿನ ನಿಷೇಧದ ಬಗ್ಗೆ ಬರೆಯೋದೇ ಬೇಡ, ನಮ್ಮ ಓಣಿಯವರು ಆವತ್ತೇ ತೀರ್ಪು ಕೊಟ್ಟರು.

ಟೈರಿಗೆ ಬರೋಣ. ಗಟ್ಟಿ ದಪ್ಪ ಇರೋ ಟೈರು ಡಾಂಬರಿನ ಮೇಲೆ ಉರುಳೋಕೆ ಜಾಸ್ತಿ ಶಕ್ತಿ ಬೇಕು. ಡೀಸೆಲ್ ಗಾಡಿಯಲ್ಲಿ ಅದು ಪಂಪಿನ ಬಿಲ್ಲಿನಲ್ಲಿ ಮುಚ್ಚಿಹೋಗ್ತದೆ. ಕರೆಂಟ್ ಗಾಡಿಯಲ್ಲಿ ದಾರಿಯಲ್ಲಿ ನಿಲ್ಲಿಸ್ತದೆ. ಏಸ್ ಇವಿಯ 154 ಕಿ.ಮೀ. ಅನ್ನೋದು ಪರೀಕ್ಷೆಯ ಲೆಕ್ಕ, ಲೋಡು, ಏರು, ಗುಂಡಿ ಸೇರಿದರೆ ಇಳೀತದೆ. ಚನ್ನಗಿರಿಯಿಂದ ಅಡಿಕೆ ಹೇರಿಕೊಂಡು ದಾವಣಗೆರೆಗೆ ಬಂದು ವಾಪಸ್ ಹೋಗೋನಿಗೆ ಸುಮಾರು 120 ಕಿ.ಮೀ. ಆಗ್ತದೆ. ಉಳಿದಿರೋ ಆ ಸ್ವಲ್ಪ ಅಂತರವನ್ನ ಟೈರಿನ ಗಟ್ಟಿಗೆ ಕೊಟ್ಟು ಕೂತರೆ ಸಂತೇಬೆನ್ನೂರಿನ ಹತ್ತಿರ ಯಾರ ಮನೆಯ ಪ್ಲಗ್ಗು ಹುಡುಕೋದು?

ಹೋಗಲಿ, ಕೆಸರಲ್ಲಾದರೂ ಉಪಯೋಗಕ್ಕೆ ಬಂತಾ? ನಮ್ಮ ಆಫ್‌ರೋಡ್ ಅಂದರೆ ಭದ್ರಾ ಕಾಲುವೆಯ ಏರಿ, ಮೆಕ್ಕೆಜೋಳದ ಹೊಲದ ಬದು, ಮಳೆ ಬಿದ್ದ ಎರೆ ಮಣ್ಣು. ಎರೆ ಮಣ್ಣು ಟೈರಿನ ಗಟ್ಟಿಗಳ ಸಂದಿ ತುಂಬಿಕೊಂಡರೆ ಹೊಸ ಟೈರೂ ಒಂದೇ, ಬೋಳು ಟೈರೂ ಒಂದೇ. ನಾಟಿ ಟೈಮಲ್ಲಿ ಇವನ ಗಾಡಿ ಹುಗಿದು ನಿಂತಾಗ ಎತ್ತಿದ್ದು ಎರಡು ಗೋಣಿಚೀಲ, ಒಂದು ಹೊರೆ ಹುಲ್ಲು, ಒಂದು ಹಗ್ಗ, ನಾಲ್ಕು ಜನ. ಆ ಕಬ್ಬಿಣದ ಮೀಸೆಗೆ ಹಗ್ಗ ಕಟ್ಟಿದ್ದಕ್ಕೆ ಅದು ಬಾಗಿ ಬಂತು. ಹಗ್ಗ ಕಟ್ಟೋಕೆ ಕಂಪನಿಯವರೇ ಕೊಂಡಿ ಕೊಟ್ಟಿರ್ತಾರೆ, ಅದು ಗಾರ್ಡಿನ ಹಿಂದೆ ಮುಚ್ಚಿಹೋಗಿತ್ತು! ಇನ್ನೊಂದು ಮಾತು, ಕೆಟ್ಟು ನಿಂತ ಕರೆಂಟ್ ಗಾಡಿಯನ್ನ ಟ್ರ್ಯಾಕ್ಟರಿಗೆ ಕಟ್ಟಿ ಊರುಗಟ್ಟಲೆ ಎಳೀಬೇಡಿ. ಮೋಟಾರು ಚಕ್ರದ ಜೊತೆ ತಿರುಗಿ ಕರೆಂಟ್ ಹುಟ್ಟಿಸ್ತದೆ. ಮೋಟಾರಿಗೆ ಸೇರಿದ ಚಕ್ರ ನೆಲ ಬಿಟ್ಟಿರಬೇಕು.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಮನೆಯ ಗೋಡೆಯಲ್ಲಿ. 16 ಆಂಪಿನ ಒಳ್ಳೆ ಸಾಕೆಟ್ಟು, ಮೀಟರಿನಿಂದ ಅಲ್ಲೀತನಕ ದಪ್ಪ ತಾಮ್ರದ ವೈರು, ಶಾಕ್ ಹೊಡೆದರೆ ಬೀಳೋ ಆರ್‌ಸಿಸಿಬಿ, ನೆಟ್ಟಗಿರೋ ಅರ್ತಿಂಗ್. ರಾತ್ರಿಯೆಲ್ಲ ಏಳೆಂಟು ಗಂಟೆ ಎಳೆಯೋ ಕರೆಂಟು ಅದು, ಹಳೇ ಸಾಕೆಟ್ಟು ಕಾದು ಕರಗ್ತದೆ. ಬೆಸ್ಕಾಂನಲ್ಲಿ ಮಂಜೂರಾದ ಲೋಡು ಸಾಲದಿದ್ದರೆ ಅರ್ಜಿ ಹಾಕಿ ಏರಿಸಿಕೊಳ್ಳಿ. ಗಾಳಿ ನೋಡೋ ಗೇಜು ತಗೊಳ್ಳಿ, ಟೈರ್ ಗಾಳಿ ಸರಿ ಇದ್ದರೇ ಓಟ ಉಳೀತದೆ. ಗಟ್ಟಿ ಹಗ್ಗ, ಟಾರ್ಪಾಲು, ಎರಡು ಹಲಗೆ ಇರಲಿ. ಬ್ಯಾಟರಿ ಕೆಳಗೆ ಕಲ್ಲು ತಗುಲದಂತೆ ಕಂಪನಿಯದೇ ತಟ್ಟೆ ಸಿಗೋದಾದರೆ ಅದಕ್ಕೆ ಕೊಟ್ಟ ಕಾಸು ದಂಡ ಅಲ್ಲ. ಇವೆಲ್ಲ ಸೇರಿದರೂ 62 ಸಾವಿರ ಆಗೋದಿಲ್ಲ. ಆದರೆ ಅರ್ತಿಂಗ್ ರಾಡನ್ನ ರೀಲ್ಸ್ ಮಾಡಿ ಹಾಕೋಕೆ ಬರೋದಿಲ್ಲವಲ್ಲ.

ನನ್ನ ಸಿಟ್ಟು ಹುಡುಗನ ಮೇಲೆ ಅಷ್ಟಿಲ್ಲ. ಹೊಸ ಎತ್ತಿಗೆ ಕೊಂಬಣಸು, ಗೆಜ್ಜೆ ಕಟ್ಟಿದ ಮನೆತನದವನು, ಗಾಡಿ ಸಿಂಗಾರ ಮಾಡೋ ಆಸೆ ಎಲ್ಲಿಂದ ಬಂತು ಅಂತ ನನಗೂ ಗೊತ್ತು. ಸಿಟ್ಟಿರೋದು ಹಗಲು ಹೊತ್ತಲ್ಲಿ, ಬೋರ್ಡು ಹಾಕಿಕೊಂಡು, ನಿಷೇಧವಾದ ಸಾಮಾನನ್ನ ಕಂತಿನ ಮೇಲೆ ಮಾರೋ ವ್ಯಾಪಾರದ ಮೇಲೆ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಹುಡುಗನ ಕೈಗೆ ರಸೀದಿ ಕೊಡೋ ಅಧಿಕಾರಿಗಳು ಅಂಗಡಿ ಮುಂದೆ ಹಾದು ಹೋಗುವಾಗ ಯಾಕೆ ನಿಲ್ಲಿಸೋದಿಲ್ಲ? ಕಾಲುವೆ ಏರಿ ರಸ್ತೆಗೆ ಜಲ್ಲಿ ಹಾಕಿಸದ ಪಂಚಾಯಿತಿ, ನೀರಾವರಿ ಇಲಾಖೆ ಎರಡೂ ಸೇರಿ ನಮ್ಮ ರೈತರನ್ನ ಆಫ್‌ರೋಡ್ ಡ್ರೈವರ್ ಮಾಡಿ ಕೂರಿಸಿವೆ. ರಸ್ತೆ ಕೇಳಬೇಕಾದ ಜಾಗದಲ್ಲಿ ನಾವು ಟೈರು ಕೊಳ್ತಾ ಇದ್ದೀವಿ.

ಗಾರ್ಡು, ಪೈಪು, ಫ್ರೇಮು ಬಿಚ್ಚಿಸಿದ್ದಾನೆ. ಗುಜರಿಯವನು 2,900 ಕೊಟ್ಟ. ಬಂಪರಿನಲ್ಲಿ ನಾಲ್ಕು ತೂತು ಉಳಿದಿವೆ, ಅವಕ್ಕೆ ಎಂ-ಸೀಲ್ ಮೆತ್ತಿದ್ದೀವಿ. ಟೈರು ಮಾತ್ರ ಸವೆಯೋವರೆಗೂ ಓಡಿಸ್ತಾನಂತೆ. ಆ ಅಂಗಡಿಯ ಕಂತು ಇನ್ನೂ ಏಳು ತಿಂಗಳು ಇದೆ.