ಸಮುದ್ರ ಒಂದೇ, ಟಿಕೀಟು ಮೂರು ಥರ

ಜತ್ತ ಪಟ್ಟಣದಲ್ಲಿ ಹಾದು ಹೋಗುವ ದೊಡ್ಡ ರಸ್ತೆಗೆ ನಮ್ಮ ಹಿರಿಯರು ಇಂದಿಗೂ ಗುಹಾಗರ–ವಿಜಾಪುರ ರಸ್ತೆ ಅಂತಲೇ ಅನ್ನುತ್ತಾರೆ. ಈಗ ಅದು ರಾಷ್ಟ್ರೀಯ ಹೆದ್ದಾರಿ 166-ಇ. ಪಡುವಣಕ್ಕೆ ಹೊರಟರೆ ವಿಟಾ, ಕರಾಡ, ಪಾಟಣ ದಾಟಿ, ಕುಂಭಾರ್ಲಿ ಘಾಟ ಇಳಿದು, ಚಿಪಳೂಣದ ಮೇಲೆ ಹಾಯ್ದು ಗುಹಾಗರದ ದಂಡೆಗೆ ಮುಟ್ಟುತ್ತದೆ. ಮೂಡಣಕ್ಕೆ ಹೊರಟರೆ ವಿಜಯಪುರ. ಅಲ್ಲಿ 52ನೆಯ ಹೆದ್ದಾರಿ ಹಿಡಿದರೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ ಘಾಟ. ಘಾಟ ಇಳಿದರೆ ಅಂಕೋಲೆಯಲ್ಲಿ ಮತ್ತೆ ಸಮುದ್ರ. ಬರಗಾಲಕ್ಕೆ ಹೆಸರಾದ ನಮ್ಮ ತಾಲೂಕಿನಿಂದ ಯಾವ ಕಡೆ ಮುಖ ಮಾಡಿದರೂ ದಾರಿ ಸಮುದ್ರಕ್ಕೇ ಹೋಗುತ್ತದೆ. ಆದರೆ ಹೋಗುವುದು ಹೇಗೆ? ಬಾಡಿಗೆ ಜೀಪೋ, ಸರ್ಕಾರಿ ಬಸ್ಸೋ? ಪಟ್ಟಣದವರಿಗೆ ಇದು ಅನುಕೂಲದ ಮಾತು. ಗಡಿಯಲ್ಲಿ ಇರುವವರಿಗೆ ಇದು ಎರಡು ಸರ್ಕಾರಗಳ ನೀತಿಯ ಮಾತಾಗಿದೆ. ಅದನ್ನೇ ಇಲ್ಲಿ ವಿಚಾರಿಸುವುದಿದೆ.

ಮೊದಲು ನಮ್ಮ ಮನೆಯ ಸಂಗತಿ ಹೇಳಬೇಕು. ಬಾವಿ ತೋಡುವ ಕೆಲಸಕ್ಕೆ ತೆಲುಗು ಸೀಮೆಯಿಂದ ಬಂದ ನಮ್ಮ ಮುತ್ತಜ್ಜ ಇಲ್ಲೇ ನಿಂತ. ಮನೆಯೊಳಗೆ ತೆಲುಗು, ಹೊಲದಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಹೀಗೆ ನಮ್ಮ ಬದುಕು ಸಾಗಿದೆ. ನಮ್ಮವ್ವನಿಗೆ ಈಗ ಎಪ್ಪತ್ತೆಂಟು ದಾಟಿದೆ. ಟ್ಯಾಂಕರಿನ ಮುಂದೆ ಕೊಡ ಇಟ್ಟು ಸರದಿ ಕಾದೇ ಆಯುಷ್ಯ ಕಳೆದವಳು. ಅವಳದೊಂದೇ ಆಸೆ: ಗೋಕರ್ಣಕ್ಕೆ ಹೋಗಿ ಮಹಾಬಲೇಶ್ವರನ ದರ್ಶನ ಮಾಡಬೇಕು, ಒಮ್ಮೆ ಸಮುದ್ರದಾಗ ಕಾಲಿಡಬೇಕು. 2025ರ ಶಿವರಾತ್ರಿ ಫೆಬ್ರುವರಿ 26ಕ್ಕೆ ಬಂದಿತ್ತು. ಅಷ್ಟೊತ್ತಿಗೆ ದ್ರಾಕ್ಷಿಯ ಕೆಲಸ ಸ್ವಲ್ಪ ಹಗುರಾಗುವುದಿತ್ತು. ಅವ್ವ, ನಾನು, ಹೆಂಡತಿ, ಮಗ, ಸೊಸೆ, ವಿಜಯಪುರದಲ್ಲಿರುವ ನಾದಿನಿ ಮತ್ತು ಅವಳ ಗಂಡ, ಒಟ್ಟು ಏಳು ಜನ ಹೋಗುವುದೆಂದು ನಿಶ್ಚಯವಾಯಿತು.

ಮಗ ಜೀಪಿನ ಪರ. ಊರಿನ ಗಾಡಿಯವನು ಕಿಲೋಮೀಟರಿಗೆ ಹದಿನೇಳು ರೂಪಾಯಿ, ದಿನಕ್ಕೆ ಐದು ನೂರು ಚಾಲಕನ ಭತ್ತೆ, ಟೋಲು ಬೇರೆ ಅಂದ. ಗೋಕರ್ಣಕ್ಕೆ ಹೋಗಿ ಬಂದು, ಅಲ್ಲಿ ಅಷ್ಟಿಷ್ಟು ತಿರುಗಿದರೆ ಒಂಬೈನೂರು ಕಿಲೋಮೀಟರ್ ಆಗುತ್ತದೆ. ಲೆಕ್ಕ ಹಾಕಿದರೆ ಹದಿನೇಳು ಸಾವಿರದ ಆಸುಪಾಸು. ಏಳು ಜನರಿಗೆ ಪೂರ್ತಿ ಟಿಕೀಟು ತಗೊಂಡರೂ ಬಸ್ಸಿನ ಖರ್ಚು ಅದರ ಅರ್ಧದ ಸುತ್ತ ನಿಲ್ಲುತ್ತಿತ್ತು. 2025ರ ಜನವರಿ 5ರಿಂದ ಕರ್ನಾಟಕದಲ್ಲಿ ಶೇ. 15, ಜನವರಿ 25ರಿಂದ ಮಹಾರಾಷ್ಟ್ರದಲ್ಲಿ ಶೇ. 14.95 ದರ ಏರಿದ ಮೇಲಿನ ಮಾತಿದು.

ರೊಕ್ಕವೊಂದೇ ಮಾತಲ್ಲ ಎಂಬುದನ್ನೂ ಒಪ್ಪಬೇಕು. ಮುದುಕರಿಗೆ ದಾರಿಯಲ್ಲಿ ಹತ್ತು ಸಲ ಇಳಿಯಬೇಕಾಗುತ್ತದೆ. ಬಸ್ಸು ಅವರಿಗಾಗಿ ನಿಲ್ಲೋದಿಲ್ಲ. ಜತ್ತದಿಂದ ವಿಜಯಪುರ, ಅಲ್ಲಿಂದ ಹುಬ್ಬಳ್ಳಿ, ಮುಂದೆ ಗೋಕರ್ಣ ಅಂತ ಮೂರು ಕಡೆ ಗಂಟು ಮೂಟೆ ಹೊತ್ತು ಹತ್ತಿ ಇಳಿಯಬೇಕು. ಜೀಪು ಮನೆಯ ಬಾಗಿಲಿಗೇ ಬರುತ್ತದೆ. ಆದ್ದರಿಂದ ಜೀಪು ಕೇಳುವವರನ್ನು ದುಂದುಗಾರರೆಂದು ನಾನು ಅನ್ನಲಾರೆ.

ಆದರೆ ಜೀಪು ಬಂದು ನಿಂತಾಗ ನೋಡಿದರೆ ಬಿಳಿ ಪಾಟಿ! ಇದು ಓದುಗರು ಗಮನಿಸಬೇಕಾದ ಮಾತು. ಹಳದಿ ಪಾಟಿಯ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಬಾಡಿಗೆಗೆ ಓಡಿಸಲು ಪರವಾನಿಗೆ ಇರುವ ಗಾಡಿ. ಕಪ್ಪು ಪಾಟಿಯ ಮೇಲೆ ಹಳದಿ ಅಕ್ಷರ ಇದ್ದರೆ ನಾವೇ ಓಡಿಸಿಕೊಂಡು ಹೋಗಲು ಬಾಡಿಗೆಗೆ ಕೊಡುವ ಕಾರು. ಬಿಳಿ ಪಾಟಿ ಅಂದರೆ ಖಾಸಗಿ ಗಾಡಿ. ಅದನ್ನು ಬಾಡಿಗೆಗೆ ಓಡಿಸಿದರೆ ವಿಮೆಯ ಕರಾರು ಮುರಿದಂತೆ. ಘಾಟದಲ್ಲಿ ಏನಾದರೂ ಹೆಚ್ಚು ಕಡಿಮೆಯಾದರೆ ಒಳಗೆ ಕೂತವರು ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಸವೆಸಬೇಕಾಗುತ್ತದೆ. ನಮ್ಮ ಹಳ್ಳಿಗಳಿಂದ ಯಾತ್ರೆಗೆ, ಮದುವೆಗೆ, ದವಾಖಾನೆಗೆ ಓಡಾಡುವ ಎಷ್ಟೋ ಜೀಪುಗಳು ಇಂಥವೇ. ಹಳದಿ ಪಾಟಿಯವರು ತೆರಿಗೆ, ಪರವಾನಿಗೆ ಕಟ್ಟುತ್ತಾರಾದ್ದರಿಂದ ದರ ಹೆಚ್ಚು ಕೇಳುತ್ತಾರೆ. ಬಡವರು ಸಹಜವಾಗಿ ಬಿಳಿ ಪಾಟಿಯ ಕಡೆ ವಾಲುತ್ತಾರೆ.

ಗಾಡಿಯವನು ಹೊರಡುವ ಮೊದಲೇ ಪಾಠ ಹೇಳಿಕೊಟ್ಟ: “ಯಾರರ ಹಿಡಿದು ಕೇಳಿದ್ರ ನಾವೆಲ್ಲಾ ಬೀಗರು ಅಂತ ಹೇಳ್ರಿ, ಬಾಡಗಿ ಅನಬ್ಯಾಡ್ರಿ.” ಅವ್ವ ಅದನ್ನು ಕೇಳಿ ಕಟ್ಟೆಯ ಮೇಲೆ ಕೂತೇ ಬಿಟ್ಟಳು. ನನ್ನ ಕಡೆ ತಿರುಗಿ, “ಅಬದ್ಧಂ ಚೆಪ್ಪಿ ದೇವುನಿ ದಗ್ಗರಿಕಿ ಪೋವಾಲಾ?” ಅಂದಳು. ಸುಳ್ಳು ಹೇಳಿ ದೇವರ ಹತ್ತಿರ ಹೋಗಬೇಕೇನು ಅಂತ. ಜೀಪು ತಿರುಗಿ ಹೋಯಿತು. ಬಸ್ಸೇ ಸೈ ಅಂತಾಯಿತು.

ಇನ್ನು ಬಸ್ಸಿನ ಲೆಕ್ಕ. ಮಹಾರಾಷ್ಟ್ರ ಸರ್ಕಾರ 2022ರ ಆಗಸ್ಟಿನಲ್ಲಿ ಎಪ್ಪತ್ತೈದು ದಾಟಿದವರಿಗೆ ಎಸ್.ಟಿ. ಪ್ರಯಾಣ ಪೂರ್ತಿ ಉಚಿತ ಮಾಡಿತು. 2023ರ ಮಾರ್ಚ್ 17ರಿಂದ ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು ಕೊಟ್ಟಿತು. ಈ ಎರಡೂ ಸವಲತ್ತು ಮಹಾರಾಷ್ಟ್ರದ ಹದ್ದಿನೊಳಗೆ ಮಾತ್ರ. ಕರ್ನಾಟಕ ಸರ್ಕಾರ 2023ರ ಜೂನ್ 11ರಂದು ಶಕ್ತಿ ಯೋಜನೆ ತಂದಿತು. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೀಟು. ಅದು ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದವರಿಗೆ ಮಾತ್ರ. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಎರಡನ್ನೂ ನಮ್ಮ ಮನೆಯ ಅಂಗಳದಲ್ಲಿ ಇಟ್ಟು ನೋಡ್ರಿ. ಗುಹಾಗರಕ್ಕೆ ಹೋದರೆ ಅವ್ವನಿಗೆ ಪುಕ್ಕಟೆ, ಹೆಂಡತಿ ಸೊಸೆಯರಿಗೆ ಅರ್ಧ. ಗೋಕರ್ಣಕ್ಕೆ ಹೋದರೆ ಗಡಿಯಿಂದಾಚೆ ಮೂವರಿಗೂ ಪೂರ್ತಿ ಟಿಕೀಟು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನನ್ನ ಹೆಂಡತಿಗೆ ಪೂರ್ತಿ, ವಿಜಯಪುರಕ್ಕೆ ಕೊಟ್ಟ ನಾದಿನಿಗೆ ಶೂನ್ಯ.

ಹಾಗಿದ್ದರೆ ಗುಹಾಗರಕ್ಕೇ ಹೋಗಬಾರದೇನು ಅಂತ ಕೇಳಬಹುದು. ಹೋಗಬಹುದು. ಅಲ್ಲಿಯೂ ವ್ಯಾಡೇಶ್ವರ ಇದ್ದಾನೆ, ದಂಡೆ ಚೊಕ್ಕ ಇದೆ, ದಾರಿಯೂ ಹತ್ತಿರ. ಎಸ್.ಟಿ.ಯಲ್ಲಿ ನಾಲ್ಕು ದಿನದ, ಏಳು ದಿನದ ಪಾಸು ತಗೊಂಡು ಕೊಂಕಣವೆಲ್ಲ ತಿರುಗಲು ಬರುತ್ತದೆ. ಆದರೆ ಮುದುಕಿಯ ಮನಸ್ಸು ಇರುವುದು ಗೋಕರ್ಣದಲ್ಲಿ. ಯಾವ ದೇವರು, ಯಾವ ದಂಡೆ ಅನ್ನೋದನ್ನು ಟಿಕೀಟಿನ ದರ ನೋಡಿ ನಿಶ್ಚಯಿಸಬೇಕೆ?

ಇಷ್ಟೆಲ್ಲ ಲೆಕ್ಕ ಹಾಕಿ ಫೆಬ್ರುವರಿ 24ಕ್ಕೆ ಹೊರಡುವುದೆಂದು ಗಂಟು ಕಟ್ಟಿದೆವು. ಅಷ್ಟರಲ್ಲಿ 21ರಂದು ಬೆಳಗಾವಿ ಹತ್ತಿರ ಕರ್ನಾಟಕದ ಕಂಡಕ್ಟರನ ಮೇಲೆ ಭಾಷೆಯ ಕಾರಣಕ್ಕೆ ಹಲ್ಲೆಯಾದ ಸುದ್ದಿ ಬಂತು. ಹಿಂದೆಯೇ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿಗೆ, ಚಾಲಕನಿಗೆ ಮಸಿ ಬಳಿದ ಸುದ್ದಿ. 22ರಂದು ಮಹಾರಾಷ್ಟ್ರ ಸರ್ಕಾರ ಕರ್ನಾಟಕಕ್ಕೆ ಹೋಗುವ ಎಸ್.ಟಿ. ಬಸ್ಸುಗಳನ್ನು ನಿಲ್ಲಿಸಿತು. ಇದು ಮೊದಲ ಸಲವಲ್ಲ. 2022ರ ಡಿಸೆಂಬರದಲ್ಲಿ ಹಿರೇಬಾಗೇವಾಡಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದಾಗಲೂ ಬಸ್ಸು ನಿಂತಿದ್ದವು. ಯಾವ ಬಸ್ಸು ಬರುತ್ತದೆ, ಯಾವುದು ಬರೋದಿಲ್ಲ ಅನ್ನುವುದು ನಮ್ಮ ಹಳ್ಳಿಯಲ್ಲಿ ಯಾರಿಗೂ ಖಾತ್ರಿ ಇರಲಿಲ್ಲ. ಎಂ.ಎಚ್. 10 ನಂಬರಿನ ಬಾಡಿಗೆ ಗಾಡಿಯವರೂ ಹಿಂದೆ ಸರಿದರು. ಕಲ್ಲಿಗೆ ಹಳದಿ ಪಾಟಿ, ಬಿಳಿ ಪಾಟಿ ಅಂತ ಭೇದವಿಲ್ಲವಲ್ಲ!

ಕಡೆಗೆ ಹೋದದ್ದು ಹೇಗೆ? ವಡಾಪ ಜೀಪಿನಲ್ಲಿ. ಗಡಿಯ ತನಕ ಒಂದು, ಗಡಿ ದಾಟಿ ಇನ್ನೊಂದು. ಎಂಟು ಜನ ಕೂಡುವಲ್ಲಿ ಹದಿನಾರು ಜನ. ಸುಳ್ಳು ಹೇಳಿ ಹೋಗುವುದು ಬ್ಯಾಡ ಅಂತ ಜೀಪು ತಿರುಗಿಸಿ ಕಳಿಸಿದ ನಮ್ಮವ್ವ, ಪರವಾನಿಗೆ ಇದೆಯೋ ಇಲ್ಲವೋ ಕೇಳದೆ ಅದರಲ್ಲಿ ಮುದುರಿ ಕೂತಳು. ಬಸ್ಸು ನಿಂತರೆ ಜನ ಮನೆಯಲ್ಲಿ ಕೂಡುವುದಿಲ್ಲ. ಯಾವ ಕಾಗದವೂ ಇಲ್ಲದ ಗಾಡಿ ಹತ್ತುತ್ತಾರೆ. ಬಸ್ಸಿಗೆ ಮಸಿ ಬಳಿಯುವವರಿಗೂ, ಬಸ್ಸು ನಿಲ್ಲಿಸುವವರಿಗೂ ಇಷ್ಟು ತಿಳಿದರೆ ಸಾಕು.

ವಿಜಯಪುರದಲ್ಲಿ ನಾದಿನಿ, ಅವಳ ಗಂಡ ಕೂಡಿಕೊಂಡರು. ಹುಬ್ಬಳ್ಳಿ ಬಸ್ಸಿನಲ್ಲಿ ಕಂಡಕ್ಟರ ಬಂದ. ನಾದಿನಿಯ ಆಧಾರ ನೋಡಿ ಶೂನ್ಯ ಟಿಕೀಟು ಹರಿದು ಕೊಟ್ಟ. ಅವ್ವನೂ ಸೆರಗಿನ ಗಂಟು ಬಿಚ್ಚಿ ತನ್ನ ಕಾರ್ಡು ತೋರಿಸಿದಳು. ಆತ ಮರ್ಯಾದೆಯಿಂದಲೇ, “ಆಯಿ, ನಿಮ್ಮ ಮಾತು ನಮ್ದಾ ಐತಿ, ಆದ್ರ ಕಾರ್ಡ ನಮ್ದಲ್ರಿ” ಅಂದ. ಆತನ ತಪ್ಪೇನೂ ಇಲ್ಲ, ನಿಯಮ ಇರುವುದೇ ಹಾಗೆ. ಅವ್ವ ರೊಕ್ಕ ಎಣಿಸಿ ಕೊಟ್ಟಳು. ಬಸ್ಸಿನಲ್ಲಿ ಗದ್ದಲ ಬಹಳ ಇತ್ತು, ಆದರೂ ಒಬ್ಬ ಕಾಲೇಜು ಹುಡುಗಿ ಎದ್ದು ಅವಳಿಗೆ ಕಿಟಕಿಯ ಪಕ್ಕ ಜಾಗ ಬಿಟ್ಟಳು.

ಕರಾವಳಿ ಮುಟ್ಟಿದ ಮೇಲೆ ಬಾಡಿಗೆ ಗಾಡಿಯ ಗರಜು ಅಷ್ಟು ಬೀಳಲಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಲ್ಲವೂ 66ನೆಯ ಹೆದ್ದಾರಿಯ ಮೇಲೇ ಇವೆ, ಬಸ್ಸುಗಳ ಓಡಾಟ ಚೆನ್ನಾಗಿದೆ. ಒಳಗಿನ ದಂಡೆಗಳಿಗೆ ಆಟೋ ಮಾಡಿಕೊಂಡರೆ ಆಯಿತು. ದೂರಕ್ಕೆ ಬಸ್ಸು, ಹತ್ತಿರಕ್ಕೆ ಆಟೋ ಅನ್ನುವುದು ನನ್ನ ಸಲಹೆ. ರೋಗಿಗಳಿದ್ದರೆ, ಕೂಸುಗಳಿದ್ದರೆ ಗಾಡಿಯೇ ಮಾಡಿರಿ, ಆದರೆ ಹಳದಿ ಪಾಟಿ ನೋಡಿ ಮಾಡಿರಿ. ಮಳೆಗಾಲದಲ್ಲಿ ಮಾತ್ರ ಯಾವುದರಲ್ಲಿಯೂ ಅವಸರ ಬೇಡ. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿ ಹೋಗಿದ್ದನ್ನು ಮರೆಯಬಾರದು.

ಈಗ ಸರ್ಕಾರಗಳಿಗೆ ಒಂದು ಮಾತು. ಗಡಿಯ ವ್ಯಾಜ್ಯ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದು ಎಂದು ಮುಗಿಯುವುದೋ ಮುಗಿಯಲಿ. ನಾನು ಇಲ್ಲಿ ಊರು ಯಾವ ರಾಜ್ಯಕ್ಕೆ ಸೇರಬೇಕೆಂದು ವಾದಿಸುತ್ತಿಲ್ಲ. ತನ್ನ ಬೊಕ್ಕಸದ ರೊಕ್ಕ ತನ್ನ ಜನರಿಗೇ ಎಂದು ಸರ್ಕಾರ ಹೇಳಿದರೆ ಅದರಲ್ಲಿ ನ್ಯಾಯವೂ ಇದೆ. ನಾನು ಕೇಳುವುದು ಸಣ್ಣದು. 1988ರ ಮೋಟಾರು ವಾಹನ ಕಾಯ್ದೆಯ 88ನೆಯ ಕಲಮಿನ ಪ್ರಕಾರ ಎರಡು ರಾಜ್ಯಗಳು ಪರಸ್ಪರ ಕರಾರು ಮಾಡಿಕೊಂಡೇ ಗಡಿಯಾಚೆ ಬಸ್ಸು ಓಡಿಸುತ್ತವೆ. ಅಂಥ ಕರಾರಿಗೆ ಕೂತಾಗಲೇ ಇನ್ನೊಂದು ಒಪ್ಪಂದ ಮಾಡಿಕೊಂಡರೆ ಸಾಕು: ಗಡಿ ತಾಲೂಕುಗಳ ಹಿರಿಯರಿಗೆ, ಹೆಣ್ಣುಮಕ್ಕಳಿಗೆ ಎರಡೂ ರಾಜ್ಯದ ಬಸ್ಸಿನಲ್ಲಿ ಒಂದೇ ಸವಲತ್ತು. ಪಂಢರಪುರಕ್ಕೆ ಬರುವ ವಿಜಯಪುರ ಜಿಲ್ಲೆಯ ಮುದುಕಿಗೆ ಇಲ್ಲಿ, ಗೋಕರ್ಣಕ್ಕೆ ಹೋಗುವ ಜತ್ತದ ಮುದುಕಿಗೆ ಅಲ್ಲಿ. ಕೊಡುವುದೂ ಇದೆ, ತೆಗೆದುಕೊಳ್ಳುವುದೂ ಇದೆ. ಇನ್ನೊಂದು, ಎಲ್ಲೋ ದೂರದಲ್ಲಿ ಜಗಳವಾದರೆ ಇಡೀ ಗಡಿಯ ಬಸ್ಸು ನಿಲ್ಲಿಸಬಾರದು. ಜತ್ತ–ವಿಜಯಪುರದಂಥ ಹತ್ತಿರದ ಮಾರ್ಗಗಳನ್ನು ಪೊಲೀಸ ಬಂದೋಬಸ್ತಿನಲ್ಲಾದರೂ ನಡೆಸಬೇಕು. ನಮಗೆ ಅದು ಪರರಾಜ್ಯದ ಪ್ರವಾಸವಲ್ಲ, ಸಂತೆಗೆ, ದವಾಖಾನೆಗೆ, ಬೀಗರ ಮನೆಗೆ ಹೋಗುವ ದಾರಿ.

ಅವ್ವ ಸಮುದ್ರದಲ್ಲಿ ಮೊಣಕಾಲುಮಟ ಇಳಿದು, ಬೊಗಸೆಯಲ್ಲಿ ನೀರು ಎತ್ತಿ ನಾಲಿಗೆಗೆ ಹಚ್ಚಿಕೊಂಡಳು. “ನಮ್ಮ ಬೋರಿನ ನೀರಿಗಿಂತ ತುಸು ಉಪ್ಪು ಹೆಚ್ಚೈತಿ, ಅಷ್ಟ” ಅಂದಳು. ನಾದಿನಿ ನಕ್ಕಳು. ಶೂನ್ಯ ಟಿಕೀಟಿನವಳೂ ಪೂರ್ತಿ ಟಿಕೀಟಿನವಳೂ ಕೈ ಕೈ ಹಿಡಿದು ಅದೇ ನೀರಿನಲ್ಲಿ ನಿಂತಿದ್ದರು. ಮುಂದಿನ ಶಿವರಾತ್ರಿಗೆ ಹೋಗುವವರಾದರೂ ವಡಾಪಿನಲ್ಲಿ ಮುದುರಿ ಹೋಗದಂತೆ ಎರಡೂ ಕಡೆಯ ಸಂಬಂಧಪಟ್ಟವರು ಕಣ್ಣು ತೆರೆದು ನೋಡುವರೇ?